ಕರಗ ನೋಡಲು ಟಿಕೆಟ್ ಬೇಡ, ತಯಾರಿ ಬೇಕು

ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ಹಳೇ ಪೇಟೆಗೆ ನಿದ್ದೆಯಿಲ್ಲ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ಹೊರಡುವ ಹೂವಿನ ಕರಗ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಬೆಳಕು ಹರಿದ ಮೇಲೆ ಮತ್ತೆ ಗುಡಿ ಸೇರುತ್ತದೆ. ಬೀದಿಯಲ್ಲಿ ನಿಂತು ನೋಡುವವರಿಗೆ ಟಿಕೆಟ್ಟಿಲ್ಲ, ಪಾಸಿಲ್ಲ, ಜಾತಿ-ಧರ್ಮದ ಕಟ್ಟೂ ಇಲ್ಲ. ಆದರೂ ಅಷ್ಟು ದೂರ ಹೋದವರಲ್ಲಿ ಎಷ್ಟೋ ಮಂದಿ ಮುಂದಿದ್ದವರ ತಲೆಗಳನ್ನಷ್ಟೇ ನೋಡಿ ಮನೆಗೆ ಬರುತ್ತಾರೆ. ಕರಗದ ಹಿಂದೆ ಓಡುವುದೇ ಇದಕ್ಕೆ ಕಾರಣ. ಕರಗವನ್ನು ಅಟ್ಟಿಸಿಕೊಂಡು ಹೋಗಬಾರದು, ಅದು ಬರುವ ದಾರಿಯಲ್ಲಿ ಜಾಗ ಹಿಡಿದು ಕಾಯಬೇಕು. ಮೊದಲ ಸಲ ಹೋಗುವವರಿಗೆ ಇಲ್ಲಿದೆ ಹಂತ ಹಂತದ ಮಾಹಿತಿ.

1. ದಿನ ಗೊತ್ತು ಮಾಡಿಕೊಳ್ಳಿ

ಕರಗಕ್ಕೆ ಇಂಗ್ಲಿಷ್ ಕ್ಯಾಲೆಂಡರಿನ ನಿಗದಿತ ತಾರೀಖಿಲ್ಲ. ಯುಗಾದಿಯಿಂದ ಎಣಿಸಿದರೆ ಹದಿನಾಲ್ಕನೆಯ ಅಥವಾ ಹದಿನೈದನೆಯ ದಿನ ಬರುವ ಹುಣ್ಣಿಮೆಯೇ ಕರಗದ ರಾತ್ರಿ. 2024ರಲ್ಲಿ ಅದು ಏಪ್ರಿಲ್ 23ಕ್ಕೆ ಬಿತ್ತು, 2025ರಲ್ಲಿ ಏಪ್ರಿಲ್ 12ಕ್ಕೆ. ಹುಣ್ಣಿಮೆಗೆ ಸುಮಾರು ಒಂದು ವಾರ ಮೊದಲು ಧ್ವಜಾರೋಹಣದೊಂದಿಗೆ ಉತ್ಸವ ಶುರುವಾಗುತ್ತದೆ. ಹುಣ್ಣಿಮೆಗೆ ಎರಡು ದಿನ ಮುಂಚೆ ಹಸಿ ಕರಗ, ಹಿಂದಿನ ದಿನ ಪೊಂಗಲು ಸೇವೆ, ಹುಣ್ಣಿಮೆಯಂದು ಹೂವಿನ ಕರಗ. ಆಮೇಲೆ ವಸಂತೋತ್ಸವ ನಡೆದು ಧ್ವಜ ಇಳಿಯುತ್ತದೆ. ಆಯಾ ವರ್ಷದ ಕಾರ್ಯಕ್ರಮ, ಮೆರವಣಿಗೆಯ ದಾರಿ, ವಾಹನ ಸಂಚಾರದ ಬದಲಾವಣೆಗಳು ಆ ವಾರದ ಪತ್ರಿಕೆಗಳಲ್ಲಿ ಬರುತ್ತವೆ. ಆ ಪುಟವನ್ನು ಕತ್ತರಿಸಿಟ್ಟುಕೊಳ್ಳಿ, ಇಲ್ಲವೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

2. ಕಥೆ ತಿಳಿದುಕೊಂಡು ಹೋಗಿ

ಕರಗ ಎಂದರೆ ಇಲ್ಲಿ ದ್ರೌಪದಿ. ಪಾಂಡವರು ಸ್ವರ್ಗಕ್ಕೆ ಹೊರಟಾಗ ಹಿಂದೆ ಉಳಿದ ದ್ರೌಪದಿಗೆ ತಿಮಿರಾಸುರ ಎದುರಾದ. ಆಕೆ ಆದಿಶಕ್ತಿಯಾಗಿ ವೀರಕುಮಾರರನ್ನು ಸೃಷ್ಟಿಸಿ ಅವನನ್ನು ಕೊಂದಳು. ಹೊರಟು ನಿಂತ ತಾಯಿಯನ್ನು ವೀರಕುಮಾರರು ಬಿಡಲಿಲ್ಲ. ವರ್ಷಕ್ಕೊಮ್ಮೆ ಬಂದು ನಿಮ್ಮೊಡನೆ ಇರುತ್ತೇನೆ ಎಂದು ಆಕೆ ಮಾತು ಕೊಟ್ಟಳು. ತಿಗಳ ಸಮುದಾಯ ಇಂದಿಗೂ ನಡೆಸಿಕೊಂಡು ಬಂದಿರುವುದು ಆ ಮಾತನ್ನೇ. ತೋಟಗಾರಿಕೆಯಲ್ಲಿ ಎತ್ತಿದ ಕೈ ಎನಿಸಿದ ಈ ಜನ ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುತ್ತಾರೆ.

ಕರಗ ಹೊರುವವರು ಗಂಡಸೇ, ಆದರೆ ಆ ರಾತ್ರಿ ಅವರದು ಪೂರ್ತಿ ಹೆಣ್ಣಿನ ಅಲಂಕಾರ: ಅರಿಸಿನ ಬಣ್ಣದ ಸೀರೆ, ಕೈತುಂಬ ಬಳೆ, ಕೊರಳಲ್ಲಿ ತಾಳಿ. ತಲೆಯ ಮೇಲೆ ಮಲ್ಲಿಗೆಯಿಂದ ಕಟ್ಟಿದ ಎತ್ತರದ ಕರಗ ಇರುತ್ತದೆ, ಅದನ್ನು ಕೈಯಿಂದ ಹಿಡಿಯುವುದಿಲ್ಲ. ಮುಂದೆ ಹಿಂದೆ ಬರಿಮೈಯ ವೀರಕುಮಾರರು ಬಿಚ್ಚುಗತ್ತಿ ಹಿಡಿದು ಬರುತ್ತಾರೆ. ಅಲಗನ್ನು ತಮ್ಮ ಎದೆಗೇ ಹೊಡೆದುಕೊಳ್ಳುವ ಅಲಗು ಸೇವೆ ಅವರ ಹರಕೆ. ಕರಗ ಆಯ ತಪ್ಪಿದರೆ ಆ ಕತ್ತಿಗಳು ಹೊತ್ತವರ ಮೇಲೇ ತಿರುಗಬೇಕೆಂಬ ನಂಬಿಕೆಯೂ ಉಂಟು. ಇಷ್ಟು ತಿಳಿದಿದ್ದರೆ, ‘ಗೋವಿಂದಾ’ ಎಂಬ ಕೂಗಿನ ನಡುವೆ ಕರಗ ನಿಮ್ಮ ಮುಂದೆ ಹಾಯುವ ಆ ಒಂದೆರಡು ನಿಮಿಷದಲ್ಲಿ ಏನನ್ನು ನೋಡಬೇಕೆಂಬುದು ನಿಮಗೆ ಗೊತ್ತಿರುತ್ತದೆ.

3. ಮೊದಲು ಹಗಲಲ್ಲಿ ಪೇಟೆ ಸುತ್ತಿ

ರಾತ್ರಿಯ ಗುಂಪಿನಲ್ಲಿ ದಾರಿ ಹುಡುಕುವುದು ಕಷ್ಟ. ಎರಡು ದಿನ ಮುಂಚೆ ಬೆಳಿಗ್ಗೆ ಬೇಗ, ಅಂಗಡಿಗಳು ಬಾಗಿಲು ತೆರೆಯುವ ಮೊದಲೇ ಒಂದು ಸುತ್ತು ಹಾಕಿ. ಇದಕ್ಕೂ ಕಾಸು ಬೇಡ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ಪೇಟೆಯ ನಡುಬೀದಿ ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ. ಅದನ್ನು ಚಿಕ್ಕಪೇಟೆ ಸೇರುವ ಕಡೆ ನಿಂತರೆ ಹಳೇ ಊರಿನ ನಕ್ಷೆ ಅರ್ಥವಾಗುತ್ತದೆ. ಸುತ್ತ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಹೀಗೆ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಅವೆನ್ಯೂ ರಸ್ತೆಯಲ್ಲೇ ರೈಸ್ ಸ್ಮಾರಕ ಚರ್ಚ್ ಇದೆ. ಶಾಸನ ಸಂಶೋಧಕ ಬಿ.ಎಲ್. ರೈಸ್ ಅವರ ತಂದೆ, ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ ಅವರ ನೆನಪಿನದು. ಇನ್ನೊಂದು ತುದಿಗೆ ಕೆ.ಆರ್. ಮಾರುಕಟ್ಟೆ, ಅದರಾಚೆ ಕೋಟೆ, ಕೋಟೆ ವೆಂಕಟರಮಣಸ್ವಾಮಿ ಗುಡಿ. ನಡೆಯುತ್ತಾ ಹೋದರೆ ಕನ್ನಡದ ಜೊತೆ ತೆಲುಗು, ತಮಿಳು, ಉರ್ದು, ಮಾರ್ವಾಡಿ ಮಾತುಗಳೂ ಕಿವಿಗೆ ಬೀಳುತ್ತವೆ. ಕರಗ ಹಾದು ಹೋಗುವುದು ಇವರೆಲ್ಲರ ಅಂಗಡಿ, ಮನೆಗಳ ಮುಂದೆಯೇ.

4. ನಿಲ್ಲುವ ಜಾಗ ಆರಿಸಿ

ಒಂದೇ ಜಾಗ ಆರಿಸಿಕೊಳ್ಳಿ. ಒಂದೊಂದಕ್ಕೂ ಒಂದೊಂದು ಅನುಕೂಲ.

• ದೇವಸ್ಥಾನದ ಮುಂದೆ: ಕರಗ ಹೊರಬೀಳುವ ಗಳಿಗೆಯ ಕಳೆಯೇ ಬೇರೆ. ಆದರೆ ಬೀದಿ ಕಿರಿದು, ನೂಕುನುಗ್ಗಲು ವಿಪರೀತ. ಸಂಜೆಯಿಂದಲೇ ನಿಲ್ಲುವ ತ್ರಾಣವಿದ್ದವರಿಗೆ ಮಾತ್ರ.

• ಅವೆನ್ಯೂ ರಸ್ತೆ, ಕೆ.ಆರ್. ಮಾರುಕಟ್ಟೆಯ ಆಸುಪಾಸು: ಗುಡಿಯ ಮುಂದಿನಷ್ಟು ಇಕ್ಕಟ್ಟಿಲ್ಲ. ಪೇಟೆಯ ಬೇರೆ ಬೇರೆ ಗುಡಿಗಳ ಉತ್ಸವಮೂರ್ತಿಗಳ ಪಲ್ಲಕ್ಕಿಗಳನ್ನೂ ನೋಡಬಹುದು. ಮೊದಲ ಸಲ ಹೋಗುವವರಿಗೆ ಇದೇ ಸರಿ.

• ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾ: ಕರಗ ಇಲ್ಲಿಗೆ ಬಂದು, ಗೌರವ ಸ್ವೀಕರಿಸಿಯೇ ಮುಂದೆ ಹೋಗುವುದು ಪದ್ಧತಿ. ದರ್ಗಾಕ್ಕೆ ಹೋಗಬಾರದೆಂದು 2022ರಲ್ಲಿ ಕೆಲವರು ಒತ್ತಾಯಿಸಿದಾಗ, ಹಿಂದಿನಿಂದ ಬಂದದ್ದನ್ನು ಬಿಡುವುದಿಲ್ಲ ಎಂದು ದೇವಸ್ಥಾನದ ಕಡೆಯವರೇ ಹೇಳಿದರು, ಕರಗ ಎಂದಿನಂತೆ ಹೋಯಿತು. ಪೇಟೆಯ ಬಾಳುವೆಯನ್ನು ಒಂದೇ ನೋಟದಲ್ಲಿ ಕಾಣಬೇಕೆಂದರೆ ಇಲ್ಲಿ ನಿಲ್ಲಿ.

• ಬೆಳಗಿನ ಜಾವ ತಿಗಳರಪೇಟೆಯ ಕಡೆ: ರಾತ್ರಿ ಎಚ್ಚರವಿರಲಾಗದವರು ನಸುಕಿನಲ್ಲಿ ಎದ್ದು ಬನ್ನಿ. ಕರಗ ಗುಡಿಗೆ ಮರಳುವುದನ್ನು ಹಗಲ ಬೆಳಕಿನಲ್ಲೇ ನೋಡಬಹುದು.

ಹೇಳಿದ ಗಂಟೆಗೆ ಕರಗ ಬರುವುದಿಲ್ಲ. ದಾರಿಯುದ್ದಕ್ಕೂ ಪೂಜೆಗಳಿರುವುದರಿಂದ ಒಂದೆರಡು ತಾಸು ಆಚೀಚೆ ಆಗುವುದು ಮಾಮೂಲು.

5. ಹೋಗಿ ಬರುವ ವ್ಯವಸ್ಥೆ

ಸ್ವಂತ ವಾಹನ ಬೇಡವೇ ಬೇಡ. ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಎರಡೂ ನಿಲ್ದಾಣಗಳು ಪೇಟೆಯಲ್ಲೇ ಇವೆ. ದೇವಸ್ಥಾನಕ್ಕೆ ಕಾರ್ಪೊರೇಷನ್ ಕಡೆಯಿಂದಲೂ ನಡೆದು ಹೋಗಬಹುದು. ಹೋಗುವಾಗಿನ ಮೆಟ್ರೊ ಬರುವಾಗ ಸಿಗುವುದಿಲ್ಲ ಎಂಬುದು ನೆನಪಿರಲಿ. ಕೊನೆಯ ರೈಲು ಹೋಗುವ ಹೊತ್ತಿಗೆ ಕರಗ ಗುಡಿಯಿಂದ ಹೊರಟೇ ಇರುವುದಿಲ್ಲ. ಮೊದಲ ರೈಲಿನ ತನಕ ಇರುವುದೆಂದೇ ಗಟ್ಟಿ ಮಾಡಿಕೊಂಡು ಹೊರಡಿ, ಭಾನುವಾರ ಅದು ತಡ ಎಂಬುದನ್ನೂ ಗಮನಿಸಿ. ಆಟೊ ಬೇಕಿದ್ದರೆ ಪೇಟೆಯಿಂದ ಹೊರಗಿನ ದೊಡ್ಡ ರಸ್ತೆಯವರೆಗೆ ನಡೆಯಲೇಬೇಕು.

6. ಗುಂಪಿನಲ್ಲಿ ಹೀಗಿರಿ

ವೀರಕುಮಾರರ ಕೈಯಲ್ಲಿರುವುದು ಉತ್ಸವದ ಬೊಂಬೆ ಕತ್ತಿಯಲ್ಲ. ಅವರು ಬಂದಾಗ ತಕ್ಷಣ ಪಕ್ಕಕ್ಕೆ ಸರಿಯಿರಿ, ನಡುವೆ ನುಗ್ಗಬೇಡಿ. ಕರಗ ಹೊತ್ತವರನ್ನು ಮುಟ್ಟಲು, ಹತ್ತಿರ ಹೋಗಿ ಸೆಲ್ಫಿ ತೆಗೆಯಲು ಹೋಗಬೇಡಿ. ಫೋಟೊ ತೆಗೆಯುವುದಾದರೆ ಫ್ಲ್ಯಾಶ್ ಆರಿಸಿರಲಿ, ಭಾರ ಹೊತ್ತು ನಡೆಯುವವರ ಕಣ್ಣಿಗೆ ಬೆಳಕು ಹೊಡೆಯಬಾರದು. ಮಲ್ಲಿಗೆ ಎರಚುವ ರೂಢಿಯಿದೆ, ಬಿಡಿ ಹೂ ಒಯ್ಯಿರಿ.

ಹತ್ತಿಯ ಬಟ್ಟೆ, ಕಾಲಿಗೆ ಭದ್ರವಾಗಿ ಕೂರುವ ಚಪ್ಪಲಿ, ನೀರಿನ ಬಾಟಲಿ ಸಾಕು. ಒಡವೆ ಮನೆಯಲ್ಲಿರಲಿ. ದಾರಿಯಲ್ಲಿ ಅಲ್ಲಲ್ಲಿ ಅರವಟ್ಟಿಗೆಗಳಲ್ಲಿ ಮಜ್ಜಿಗೆ, ಪಾನಕ ಕೊಡುತ್ತಾರೆ. ಕುಡಿದ ಲೋಟವನ್ನು ಬೀದಿಗೆ ಎಸೆಯಬೇಡಿ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇಡಿ. ತಪ್ಪಿಸಿಕೊಂಡರೆ ಸೇರಬೇಕಾದ ಜಾಗವನ್ನು ಮೊದಲೇ ಮಾತಾಡಿಕೊಳ್ಳಿ, ಆ ಗುಂಪಿನಲ್ಲಿ ಫೋನ್ ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

7. ಹುಣ್ಣಿಮೆಗೆ ಆಗದಿದ್ದರೆ ಹಸಿ ಕರಗ

ವಯಸ್ಸಾದವರು, ಚಿಕ್ಕ ಮಕ್ಕಳಿರುವವರು ಹಸಿ ಕರಗಕ್ಕೆ ಹೋಗುವುದು ಒಳ್ಳೆಯದು. ಹುಣ್ಣಿಮೆಯ ರಾತ್ರಿಯಷ್ಟು ಜನಜಂಗುಳಿ ಅಂದು ಇರುವುದಿಲ್ಲ. ಸಂಪಂಗಿ ಕೆರೆಯಂಗಳದ ಕರಗದ ಕುಂಟೆಯಲ್ಲಿ ಪೂಜೆ ನಡೆದು, ಅಲ್ಲಿಂದ ಕರಗ ಗುಡಿಗೆ ಬರುತ್ತದೆ. ಒಂದು ಕಾಲಕ್ಕೆ ಊರಿಗೆ ನೀರು ಕೊಡುತ್ತಿದ್ದ ಆ ಕೆರೆ ಈಗ ಕಂಠೀರವ ಕ್ರೀಡಾಂಗಣ. ಕೆರೆಯ ಗುರುತಾಗಿ ಉಳಿದಿರುವುದು ಈ ಕುಂಟೆಯೊಂದೇ, ಅದೂ ಕರಗದ ಕಾರಣಕ್ಕೆ.

ಬೆಂಗಳೂರಿಗೆ ಬಂದು ನೆಲೆಸಿ ವರ್ಷಗಳಾದರೂ ಮೆಜೆಸ್ಟಿಕ್‌ನಿಂದಾಚೆ ಪೇಟೆಯೊಳಗೆ ಕಾಲಿಡದವರು ಬೇಕಾದಷ್ಟಿದ್ದಾರೆ. ಈ ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದಾಗ ಚೈತ್ರ ಹುಣ್ಣಿಮೆಗೆ ಒಂದು ಗುರುತು ಹಾಕಿ, ನೆರೆಮನೆಯವರನ್ನೂ ಕರೆದುಕೊಂಡು ಹೋಗಿ ಬನ್ನಿ.