ಲಕ್ವ ಹೊಡೆದ ಮೇಲೆ ಮುಂದೇನು?



ನಮ್ಮ ಮಿದುಳಿಗೆ ಸದಾ ರಕ್ತ ಬೇಕು. ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಮಿದುಳಿನ ಒಂದು ಭಾಗ ಕೆಲಸ ನಿಲ್ಲಿಸುತ್ತದೆ. ಆಗ ಬಾಯಿ ಸೊಟ್ಟಗಾಗುತ್ತದೆ. ಒಂದು ಕಡೆಯ ಕೈ, ಕಾಲು ಬಿದ್ದುಹೋಗುತ್ತವೆ. ಮಾತು ತೊದಲುತ್ತದೆ. ಇದೇ ಲಕ್ವ. ಪುಸ್ತಕದಲ್ಲಿ ಪಾರ್ಶ್ವವಾಯು ಅಂತ ಬರೆಯುತ್ತಾರೆ. ಇದು ಗಾಳಿ ಸೋಕಿದ್ದಲ್ಲ. ಯಾರೋ ಮಾಡಿಸಿದ್ದೂ ಅಲ್ಲ.

ಲಕ್ಷಣ ಕಂಡ ಕೂಡಲೇ 108ಕ್ಕೆ ಫೋನ್ ಮಾಡಿ. ನಾಳ ಕಟ್ಟಿಕೊಂಡು ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧಿ ಇದೆ. ಸ್ಕ್ಯಾನ್ ಮಾಡಿ ನೋಡಿ, ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು.

ಜೀವ ಉಳಿಯಿತು, ಮನೆಗೆ ಬಂದಾಯ್ತು. ಅಷ್ಟಕ್ಕೇ ಮುಗಿಯಿತೇ? ಇಲ್ಲ. ಬಿದ್ದ ಕೈ ಮತ್ತೆ ತುತ್ತು ಎತ್ತಬೇಕು. ಕಾಲು ನಡೆಯಬೇಕು. ಅದಕ್ಕೆ ವ್ಯಾಯಾಮ ಕಲಿಸುತ್ತಾರೆ. ಅದರ ಹೆಸರು ಫಿಸಿಯೋಥೆರಪಿ. ಮೊದಲ ಮೂರು ತಿಂಗಳಲ್ಲಿ ಗುಣ ಹೆಚ್ಚು ಕಾಣುತ್ತದೆ. ಆಮೇಲೂ ಆಗುತ್ತದೆ, ಆದರೆ ನಿಧಾನ.

ಅಡ್ಡಿ ಏನು?

ಒಂದು, ದಾರಿ. ದೊಡ್ಡ ಆಸ್ಪತ್ರೆ ಇರುವ ಹುಬ್ಬಳ್ಳಿ ಶಿರಸಿಯಿಂದ ಸುಮಾರು 100 ಕಿಲೋಮೀಟರ್. ಯಲ್ಲಾಪುರದಿಂದ ಸುಮಾರು 70. ಸಿದ್ದಾಪುರದಿಂದ ಇನ್ನೂ ದೂರ. ಕಾರವಾರಕ್ಕೆ ಘಟ್ಟ ಇಳಿಯಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಸಂಕ ದಾಟೋದೇ ಕಷ್ಟ.

ಎರಡು, ಹಣ. ಜೀಪಿನ ಬಾಡಿಗೆ ಕೊಡಬೇಕು. ಜೊತೆಗೆ ಹೋದವರ ಕೂಲಿಯೂ ಹೋಗುತ್ತದೆ.

ಮೂರು, ತಿಳುವಳಿಕೆ. "ಎಣ್ಣೆ ತಿಕ್ಕಿದರೆ ಸಾಕು, ಮಲಗಿರಲಿ" ಅಂತಾರೆ. ಮಲಗಿಯೇ ಇದ್ದರೆ ಕೈಕಾಲು ಸೆಟೆದುಕೊಳ್ಳುತ್ತವೆ.

ನಾಲ್ಕು, ನಾವು ಹೆಂಗಸರು. ಗಂಡನಿಗೆ ಲಕ್ವ ಹೊಡೆದರೆ ಹೆಂಡತಿ ನೋಡಿಕೊಳ್ಳುತ್ತಾಳೆ. ಹೆಂಡತಿಗೇ ಹೊಡೆದರೆ? "ಅಡಿಕೆ ಕೊಯ್ಲು ಮುಗೀಲಿ, ಆಮೇಲೆ ಹೋಗೋಣ" ಅನ್ನುತ್ತಾರೆ. ಅವಳೂ "ನನಗ್ಯಾಕೆ ಖರ್ಚು?" ಅನ್ನುತ್ತಾಳೆ. ಕೊಯ್ಲು ಮುಗಿಯುವಷ್ಟರಲ್ಲಿ ಆ ಮೂರು ತಿಂಗಳು ಕಳೆದಿರುತ್ತದೆ. ಅವಳ ಕೈ ಅವಳಿಗೂ ಬೇಕು, ಮನೆಗೂ ಬೇಕು. ಅದು ದಂಡದ ಖರ್ಚಲ್ಲ.

ಏನು ಮಾಡಬಹುದು?

ಆಸ್ಪತ್ರೆಯಿಂದ ಹೊರಡುವ ಮೊದಲು ಕೇಳಿ: ಯಾವ ವ್ಯಾಯಾಮ? ದಿನಕ್ಕೆ ಎಷ್ಟು ಸಲ? ಮತ್ತೆ ಯಾವಾಗ ಬರಬೇಕು? ಕೇಳಿದ್ದನ್ನು ಬರೆದುಕೊಳ್ಳಿ. ಈಗ ನಿಮಗೆ ಬರೆಯಲು ಬರುತ್ತದಲ್ಲ! ಮನೆಯವರೊಬ್ಬರು ವ್ಯಾಯಾಮ ಕಲಿತು ಬಂದರೆ ದಿನವೂ ಮನೆಯಲ್ಲೇ ಮಾಡಿಸಬಹುದು.

ಹೋಗುವಾಗ ಪಡಿತರ ಚೀಟಿ, ಆಧಾರ್ ಒಯ್ಯಿರಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಸಿಗುತ್ತದೆಯೇ ಎಂದು ವಿಚಾರಿಸಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ.

ಕೈಕಾಲಿನ ಬಲ ಬರದೇ ಉಳಿದರೆ ಗ್ರಾಮ ಪಂಚಾಯ್ತಿಗೆ ಹೋಗಿ. ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಎಂದು ಕೇಳಿ. ಅಂಗವಿಕಲರ ಗುರುತಿನ ಚೀಟಿ, ಮಾಸಾಶನದ ಅರ್ಜಿಗೆ ಅವರು ನೆರವಾಗುತ್ತಾರೆ. ಇದು ಭಿಕ್ಷೆಯಲ್ಲ, ಹಕ್ಕು.

ಮನೆಯಲ್ಲಿ ನೆನಪಿಡಿ

ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿ. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.
ಮಲಗಿದವರ ಬಾಯಿಗೆ ಗಂಜಿ ಹೊಯ್ಯಬೇಡಿ. ಕೂರಿಸಿ, ಸ್ವಲ್ಪ ಸ್ವಲ್ಪ ಉಣಿಸಿ. ನುಂಗಲು ಆಗದಿದ್ದರೆ ವೈದ್ಯರಿಗೆ ಹೇಳಿ.
ಬಿದ್ದ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಹೆಗಲಿಗೆ ಪೆಟ್ಟಾಗುತ್ತದೆ.
ಬಿ.ಪಿ. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಕವಳದ ತಂಬಾಕು, ಬೀಡಿ ಬಿಡಿಸಿ. ಲಕ್ವ ಮತ್ತೆ ಹೊಡೆಯಬಹುದು.

ಓದಿ, ಮಾತಾಡಿ

1. ನಿಮ್ಮ ಮನೆಯಿಂದ ಫಿಸಿಯೋಥೆರಪಿ ಸಿಗುವ ಹತ್ತಿರದ ಊರು ಯಾವುದು? ಹೋಗಲು ಎಷ್ಟು ಹೊತ್ತು ಬೇಕು?
2. ನಿಮ್ಮ ಕೇರಿಯಲ್ಲಿ ಲಕ್ವ ಹೊಡೆದು ಮಲಗಿದವರು ಇದ್ದಾರೆಯೇ? ಅವರಿಗೆ ಅಡ್ಡಿಯಾದದ್ದು ಏನು?
3. ಅಂಥ ಮನೆಯ ಒಬ್ಬ ಹೆಂಗಸಿಗಾಗಿ ನೀವೆಲ್ಲ ಸೇರಿ ಮಾಡಬಹುದಾದ ಒಂದು ಕೆಲಸ ಬರೆಯಿರಿ.