ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಬೇಡ: ರೀಲು ಕ್ಯಾಮೆರಾ ಕೊಳ್ಳುವವರಿಗೆ ಕಿವಿಮಾತು

ಹೈದರಾಬಾದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆ ಏಳೆಂಟಿವೆ. ಗಚ್ಚಿಬೌಲಿ ಕಡೆ ಕಂಪ್ಯೂಟರ್ ಕೆಲಸಕ್ಕೆ ಹೋಗುವ ಹುಡುಗರು ಭಾನುವಾರ ಬಂತೆಂದರೆ ಫೋನು ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ. “ಕಾಕಾ, ಈ ಕ್ಯಾಮೆರಾಗೆ ಹದಿನೈದು ಸಾವಿರ ಹೇಳ್ತಿದ್ದಾನೆ, ಕೊಡಬಹುದಾ?” ರಾಯಚೂರಿನಲ್ಲಿ ಮೂವತ್ತು ವರ್ಷ ಸ್ಟುಡಿಯೊ ನಡೆಸಿ, ಡಿಜಿಟಲ್ ಬಂದ ಮೇಲೆ ಅಂಗಡಿಯ ಶಟರ್ ಎಳೆದು ಮಗನ ಮನೆ ಸೇರಿದವನು ನಾನು. ಆಗ ಮೂಲೆಗೆ ಎಸೆದ ಡಬ್ಬಿಗಳಿಗೆ ಈಗ ‘ವಿಂಟೇಜ್’ ಎಂಬ ಹೆಸರು, ಹೆಸರಿಗೊಂದು ದರ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಒಮ್ಮೆಗೇ ಬರೆದಿಟ್ಟಿದ್ದೇನೆ. ಎಲ್ಲದರ ಸಾರ ಒಂದೇ: ನೀನು ನೋಡಿ ಪರೀಕ್ಷಿಸಿದ್ದಕ್ಕೆ ದುಡ್ಡು ಕೊಡು, ಅವನು ಬಾಯಲ್ಲಿ ಹೇಳಿದ್ದಕ್ಕೆ ಕೊಡಬೇಡ.

ಮನೆಯಿಂದ ಹೊರಡುವ ಮೊದಲು

• ಮೊದಲು ರೀಲು ಯಾವುದು ಕೇಳು, ಆಮೇಲೆ ಕ್ಯಾಮೆರಾ ನೋಡು. 35 ಎಂಎಂ ಮತ್ತು 120, ಈ ಎರಡು ರೀಲು ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. 620 ಎಂದು ಬರೆದಿರುವ ಹಳೇ ಕೋಡಕ್ ಬ್ರೌನಿಗೂ 120ರ ಫಿಲ್ಮೇ ಆಗುತ್ತದೆ, ಆದರೆ ಸುರುಳಿಯ ಕಡ್ಡಿ ತೆಳ್ಳಗಿನದು. ಕತ್ತಲಲ್ಲಿ ಕೂತು ಬೇರೆ ಕಡ್ಡಿಗೆ ಸುತ್ತಿಕೊಳ್ಳಬೇಕು. ಎಪಿಎಸ್ ರೀಲಂತೂ 2011ಕ್ಕೇ ನಿಂತುಹೋಯಿತು. ಆ ಕ್ಯಾಮೆರಾ ಎಷ್ಟು ಹೊಳೆದರೂ ಪೇಪರ್ ವೇಟಿನ ಬೆಲೆಯೇ ಅದಕ್ಕೆ.

• ಬ್ಯಾಟರಿ ಇಲ್ಲದೆ ನಡೆಯುತ್ತದೋ ಇಲ್ಲವೋ ತಿಳಿದುಕೋ. 1976ರಲ್ಲಿ ಬಂದ ಪೆಂಟಾಕ್ಸ್ ಕೆ1000, 1982ರ ನಿಕಾನ್ ಎಫ್‌ಎಂ2, ಇವುಗಳಿಗೆ ಬ್ಯಾಟರಿ ಬೇಕಾದದ್ದು ಬೆಳಕಿನ ಮೀಟರಿಗೆ ಮಾತ್ರ; ಶಟರ್ ಗಡಿಯಾರದ ಹಾಗೆ ಸ್ಪ್ರಿಂಗಿನಲ್ಲೇ ಓಡುತ್ತದೆ. ಕ್ಯಾನನ್ ಎಇ-1 ಬ್ಯಾಟರಿ ಸತ್ತರೆ ತಾನೂ ಸತ್ತ ಹಾಗೆ. ಯಾಶಿಕಾ ಎಲೆಕ್ಟ್ರೊ 35 ಬ್ಯಾಟರಿ ಇಲ್ಲದಿದ್ದರೆ 1/500 ಒಂದೇ ವೇಗದಲ್ಲಿ ಹೊಡೆಯುತ್ತದೆ. ಒಳಗಿನ ವಿದ್ಯುತ್ ಭಾಗ ಕೆಟ್ಟರೆ ರಿಪೇರಿ ಮಾಡುವವರು ಸಿಗುವುದು ಕಷ್ಟ. ಮೊದಲ ಕ್ಯಾಮೆರಾ ಆದರೆ ಸ್ಪ್ರಿಂಗಿನದನ್ನೇ ತೊಗೊ.

• ಜೇಬಿನಲ್ಲಿ ನಾಲ್ಕು ಸಾಮಾನು ಇರಲಿ: ಸಣ್ಣ ಟಾರ್ಚು, ಭೂತಗನ್ನಡಿ, ಒಂದು ಜೊತೆ ಎಲ್‌ಆರ್44 ಸೆಲ್ಲು, ಅವಧಿ ಮುಗಿದ ಒಂದು ರೀಲು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು, ಕಾಗದ ನಮ್ಮ ಕಾಲದಲ್ಲಿ ಸ್ಟುಡಿಯೊ ಸ್ಟುಡಿಯೊದಲ್ಲಿ ಇರುತ್ತಿತ್ತು. ಆ ಕಾಲದ ರೀಲನ್ನು ಈಗ ‘ವಿಂಟೇಜ್ ಫಿಲ್ಮ್’ ಎಂದು ಮಾರಲು ಬಂದರೆ ನಾಲ್ಕು ಕಾಸಿಗೆ ಕೊಂಡು, ಕ್ಯಾಮೆರಾಗೆ ಹಾಕಿ ತೆಗೆದು ನೋಡಲು ಬಳಸು. ಮಗುವಿನ ನಾಮಕರಣಕ್ಕೆ ಬಳಸಬೇಡ.

• ಎಲ್ಲಿ ಹುಡುಕುವುದು? ರಾಯದುರ್ಗಂನಲ್ಲಿ ಮೆಟ್ರೊ ಹತ್ತಿ ಅಮೀರ್‌ಪೇಟೆಯಲ್ಲಿ ಬದಲಿಸಿದರೆ ಎರ್ರಗಡ್ಡ. ಅಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ. ಹಳೇ ಊರಿನ ಕಡೆ ಗುರುವಾರದ ಜುಮ್ಮೇರಾತ್ ಬಜಾರ್ ಇದೆ. ಹೋದ ದಿನವೇ ಕ್ಯಾಮೆರಾ ಸಿಗುತ್ತದೆಂಬ ನೆಚ್ಚಿಕೆ ಇಲ್ಲ, ಸಿಕ್ಕರೂ ವಾಪಸಿನ ಮಾತಿಲ್ಲ. ಅದಕ್ಕಿಂತ ಮುಚ್ಚಿದ ಸ್ಟುಡಿಯೊಗಳನ್ನು, ಮೇಲಟ್ಟದ ಟ್ರಂಕುಗಳನ್ನು ವಿಚಾರಿಸು. ನಿನ್ನ ಸೋದರಮಾವನ ಮನೆಯ ಅಟ್ಟದಲ್ಲೇ ಒಂದು ಇದ್ದೀತು.

ಕೈಗೆ ಬಂದಾಗ

• ಹಿಂಬಾಗಿಲು ತೆಗೆಯುವ ಅವಸರ ಬೇಡ. 35 ಎಂಎಂ ಆದರೆ ಮೊದಲು ರೀಲು ಹಿಂದಕ್ಕೆ ಸುತ್ತುವ ಗುಬ್ಬಿಯನ್ನು ಬಾಣದ ಗುರುತು ಇರುವ ಕಡೆ ಮೆಲ್ಲಗೆ ತಿರುಗಿಸು. ಬಿಗಿ ಹತ್ತಿದರೆ ಒಳಗೆ ರೀಲು ಇದೆ. ಅದರಲ್ಲಿ ಯಾರದೋ ಮನೆಯ ಚಿತ್ರಗಳಿರಬಹುದು. ಪೂರ್ತಿ ಸುತ್ತಿ ತೆಗೆದು ಮಾರುವವರ ಕೈಗೆ ಕೊಡು. ಕ್ಯಾಮೆರಾಗೆ ಬೆಲೆ ಕೊಟ್ಟರೆ ಅದರೊಳಗಿನ ಮುಖಗಳು ನಿನ್ನವಾಗುವುದಿಲ್ಲ.

• ಲೆನ್ಸನ್ನು ಎದುರಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಹಿಂಬಾಗಿಲು ತೆಗೆದು, ಅಪರ್ಚರ್ ಪೂರ್ತಿ ಅಗಲಿಸಿ, ಶಟರನ್ನು ‘ಬಿ’ಗಿಟ್ಟು ಒತ್ತಿಹಿಡಿದು, ಟಾರ್ಚಿನ ಬೆಳಕು ಓರೆಯಾಗಿ ಬಿಟ್ಟು ನೋಡು. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಮಂಜು ಕವಿದಂತಿದ್ದರೆ ಒಳಗಿನ ಎಣ್ಣೆಯ ಆವಿ ಕೂತಿದೆ. ಮೇಲೆ ಥಳಕು ಒಳಗೆ ಹುಳುಕು ಎನ್ನುವುದು ಇದಕ್ಕೇ. ಮಂಗಳೂರು, ಉಡುಪಿಯ ಮಳೆಗಾಲ ಹತ್ತಿಪ್ಪತ್ತು ಕಂಡ ಲೆನ್ಸಾದರೆ ಇನ್ನೂ ಎರಡು ಸಲ ನೋಡು. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ಅಂಥ ಧಕ್ಕೆ ಇಲ್ಲ, ಬೆಲೆ ಇಳಿಸಿ ಕೇಳು. ಗಾಜಿನ ಲೇಪನವನ್ನೇ ತಿಂದುಬಿಟ್ಟಿದ್ದರೆ ಅದಕ್ಕೆ ಔಷಧವಿಲ್ಲ, ನಮಸ್ಕಾರ ಹೇಳಿ ಬಾ.

• ಶಟರನ್ನು ಕಿವಿಯಿಂದ ಕೇಳು. ಎಲ್ಲರೂ 1/125ರಲ್ಲಿ ‘ಟಕ್’ ಎನಿಸಿ ತೋರಿಸುತ್ತಾರೆ. ಆ ವೇಗ ಕೆಡುವುದು ಕಡಿಮೆ. ಒಂದು ಸೆಕೆಂಡಿಗೆ ಇಡು. ‘ಝರ್‌ರ್’ ಎಂದು ಹೊರಟು ನಡುದಾರಿಯಲ್ಲಿ ನಿಂತರೆ ಒಳಗಿನ ಎಣ್ಣೆ ಒಣಗಿದೆ ಎಂದರ್ಥ. ಅರ್ಧ, ಕಾಲು, 1/8, 1/15, ಹೀಗೆ ಇಳಿಯುತ್ತ ಹೋದ ಹಾಗೆ ಸದ್ದು ಅರ್ಧರ್ಧ ಆಗಬೇಕು. ಅನುಮಾನ ಬಂದರೆ ಫೋನಿನ ಸ್ಲೋ ಮೋಷನ್ನಿನಲ್ಲಿ ಹಿಡಿದು ನೋಡು. ಈ ಸೌಲಭ್ಯ ನಮಗಿರಲಿಲ್ಲ, ನಿನಗಿದೆ.

• ಬಟ್ಟೆಯ ಪರದೆಯ ಶಟರ್ ಆದರೆ ಕತ್ತಲಿನ ಕಡೆ ಹೋಗಿ, ಲೆನ್ಸಿನ ಕಡೆಯಿಂದ ಟಾರ್ಚು ಬಿಟ್ಟು ಹಿಂದಿನಿಂದ ನೋಡು. ನಕ್ಷತ್ರದ ಹಾಗೆ ಚುಕ್ಕಿ ಮಿನುಗಿದರೆ ತೂತು. ಫೆಡ್, ಝೋರ್ಕಿಯಂಥ ಸೋವಿಯತ್ ಕ್ಯಾಮೆರಾ ಕೈಗೆ ಸಿಕ್ಕರೆ ಮೊದಲು ವೈಂಡ್ ಮಾಡು, ಆಮೇಲೆ ವೇಗ ಬದಲಿಸು. ತಿರುವುಮುರುವು ಮಾಡಿದರೆ ನೋಡಲು ಹೋದ ನೀನೇ ಕೆಡಿಸಿ ಬಂದಂತಾಗುತ್ತದೆ.

• ದೂರದ್ದನ್ನು ನೋಡು. ಮಾರುವವನು ಮಣಿಕೊಂಡಕ್ಕೇ ತಂದು ತೋರಿಸುವುದಾದರೆ ಮಹಡಿಗೆ ಕರೆದೊಯ್ಯಿ. ಲೆನ್ಸಿನ ಬಳೆಯನ್ನು ಅಡ್ಡ ಎಂಟರ ಗುರುತಿಗೆ ತಿರುಗಿಸಿದಾಗ ಲ್ಯಾಂಕೊ ಹಿಲ್ಸ್‌ನ ಗೋಪುರಗಳು ಚೊಕ್ಕ ಕಾಣಬೇಕು. ರೇಂಜ್‌ಫೈಂಡರ್ ಆದರೆ ಎರಡು ಬಿಂಬ ಒಂದರ ಮೇಲೊಂದು ಕೂಡಬೇಕು. ಕೂಡದಿದ್ದರೆ ಯಾವಾಗಲೋ ಕೆಳಗೆ ಬಿದ್ದ ಗಿರಾಕಿ ಅದು.

• ಹಾಳು ರೀಲನ್ನು ಹಾಕಿ ವೈಂಡ್ ಮಾಡು. ಹಿಂಸುತ್ತಿನ ಗುಬ್ಬಿಯೂ ಜೊತೆಗೆ ತಿರುಗುತ್ತಿದ್ದರೆ ರೀಲು ಮುಂದೆ ಹೋಗುತ್ತಿದೆ. ಆಮೇಲೆ ಬ್ಯಾಟರಿ ಗೂಡು ನೋಡು. ಹಸಿರು ಕಿಲುಬು ಸ್ವಲ್ಪ ಇದ್ದರೆ ಹತ್ತಿಗೆ ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ. ತಂತಿಯವರೆಗೂ ಹಬ್ಬಿದ್ದರೆ ಬಿಟ್ಟುಬಿಡು.

• ಹಿಂಬಾಗಿಲ ಅಂಚಿನ ಕಪ್ಪು ಸ್ಪಂಜು ಬೆರಳಿಗೆ ಬೆಲ್ಲದ ಪಾಕದಂತೆ ಅಂಟಿದರೆ ಹೆದರಬೇಡ. ವಯಸ್ಸಾದ ಕ್ಯಾಮೆರಾಗಳಿಗೆಲ್ಲ ಬರುವ ಕಾಯಿಲೆ ಅದು, ಕಡಿಮೆ ಖರ್ಚಿನಲ್ಲಿ ವಾಸಿಯಾಗುತ್ತದೆ. ಮುಖದಲ್ಲಿ ಮಾತ್ರ ಚಿಂತೆ ತೋರಿಸು, ಚೌಕಾಸಿಗೆ ಅನುಕೂಲ.

• ಮೀಟರನ್ನು ಫೋನಿನ ಲೈಟ್ ಮೀಟರ್ ಆ್ಯಪ್ ಜೊತೆ ಹೋಲಿಸು. ಝೆನಿಟ್-ಇಯಂಥವುಗಳ ಸೆಲೀನಿಯಂ ಮೀಟರಿಗೆ ಬ್ಯಾಟರಿ ಬೇಡ, ಆದರೆ ವಯಸ್ಸಾದಂತೆ ಅದರ ಕಣ್ಣು ಮಂಜಾಗುತ್ತದೆ. ಇನ್ನು ಕೆಲವಕ್ಕೆ 1.35 ವೋಲ್ಟಿನ ಪಾದರಸದ ಸೆಲ್ಲು ಬೇಕಿತ್ತು, ಅದು ಈಗಿಲ್ಲ. ಶ್ರವಣಯಂತ್ರಕ್ಕೆ ಹಾಕುವ 675 ನಂಬರಿನ ಸೆಲ್ಲು ಸುಮಾರಾಗಿ ಅದೇ ಕೆಲಸ ಮಾಡುತ್ತದೆ. ನನ್ನ ಕಿವಿಯ ಯಂತ್ರದ ಸೆಲ್ಲು ಎರವಲು ಒಯ್ದವನು ಇನ್ನೂ ವಾಪಸು ಕೊಟ್ಟಿಲ್ಲ.

• ತಿರುಪುಗಳ ತಲೆ ನೋಡು. ತರಚಿದ್ದರೆ ಅರೆಬರೆ ಕಲಿತವನು ಒಳಗೆ ಕೈ ಹಾಕಿದ್ದಾನೆ. ಅಂಥದಕ್ಕಿಂತ ಮೂವತ್ತು ವರ್ಷ ಮುಟ್ಟದೆ ಬಿದ್ದಿದ್ದೇ ವಾಸಿ.

• ಸಂತೆಯಲ್ಲಿ ಚಿನ್ನದ ಬಣ್ಣದ ‘ಲೈಕಾ’ ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಗೊತ್ತು. ಫೆಡ್, ಝೋರ್ಕಿಗಳ ಮೇಲೆ ಲೈಕಾ ಎಂದು ಕೆತ್ತಿ ಮಾರುವುದು ಹಳೇ ದಂಧೆ. ಲೆನ್ಸ್ ಬಿಚ್ಚಿ ಒಳಗೆ ನೋಡು: ಲೆನ್ಸಿಗೆ ತಾಗುವ ತೋಳಿನ ತುದಿಯಲ್ಲಿ ಪುಟ್ಟ ದುಂಡು ಗಾಲಿ ಇದ್ದರೆ ಲೈಕಾದ ಲಕ್ಷಣ, ಬೆಣೆಯಂಥ ತುಂಡು ಇದ್ದರೆ ಸೋವಿಯತ್ತಿನದು. ಸೋವಿಯತ್ತಿನದು ಕೆಟ್ಟದ್ದೇನಲ್ಲ, ಸೋವಿಯತ್ತಿನ ಬೆಲೆಗೆ ತೊಗೊ.

ಬೆಲೆಯ ಮಾತು

• ಹೇಳುವ ಬೆಲೆ ಬೇರೆ, ಮಾರಿಹೋದ ಬೆಲೆ ಬೇರೆ. ಹತ್ತು ಜನ ಇಪ್ಪತ್ತು ಸಾವಿರ ಎಂದು ಹಾಕಿಕೊಂಡು ಆರು ತಿಂಗಳಿಂದ ಕೂತಿದ್ದರೆ, ಅದು ಇಪ್ಪತ್ತು ಸಾವಿರಕ್ಕೆ ಹೋಗುವ ಮಾಲಲ್ಲ ಎಂಬುದಕ್ಕೆ ಹತ್ತು ಸಾಕ್ಷಿ. ಅದೇ ಮಾಡೆಲ್ಲು, ಅದೇ ಲೆನ್ಸು, ನಿಜವಾಗಿ ಎಷ್ಟಕ್ಕೆ ಕೈ ಬದಲಾಯಿತು ಎಂದು ಮೂರ್ನಾಲ್ಕು ಕಡೆ ವಿಚಾರಿಸು.

• ಕಳೆಯುವ ಲೆಕ್ಕ ಹೀಗೆ. ಅಂಕಿ ನಾನು ಲೆಕ್ಕಕ್ಕೆ ಹಿಡಿದದ್ದು, ಪೇಟೆಯ ದರವಲ್ಲ. ಸರ್ವೀಸಾಗಿ ಎಲ್ಲ ಸರಿಯಿರುವ ಕ್ಯಾಮೆರಾ 14,000ಕ್ಕೆ ಹೋಗುತ್ತಿದೆ ಎನ್ನು. ನಿನ್ನೆದುರಿನದ್ದಕ್ಕೆ ಸ್ಪಂಜು ಬದಲಿಸಲು 1,000, ಶಟರ್ ಬಿಚ್ಚಿ ತೊಳೆದು ಎಣ್ಣೆ ಹಾಕಲು 3,500. ಉಳಿದದ್ದು 9,500. ಓಡಾಟಕ್ಕೆ, ಅಪಾಯಕ್ಕೆ ಇನ್ನು ಸ್ವಲ್ಪ ಕಳೆ. ಅಷ್ಟೇ ನಿನ್ನ ಬೆಲೆ. ರಿಪೇರಿಯ ದರವನ್ನು ಮೊದಲೇ ಕೇಳಿಕೊಂಡಿರು. ಸರ್ವೀಸಾಗಿದೆ ಎಂದರೆ ಬಿಲ್ಲು ಕೇಳು. ಬಿಲ್ಲಿಲ್ಲದಿದ್ದರೆ ಸರ್ವೀಸಾಗಿಲ್ಲ ಎಂದೇ ಲೆಕ್ಕ ಹಾಕು.

• “ಟೆಸ್ಟ್ ಮಾಡಿಲ್ಲ, ಆದರೆ ನಡೆಯುತ್ತೆ” ಎನ್ನುವುದು ನೀರೊಳಗಿನ ಎಮ್ಮೆಯ ವ್ಯಾಪಾರ. ಕೊಂಬು ಕಾಣುತ್ತದೆ, ಕಾಲು ಕುಂಟೋ ನೆಟ್ಟಗೋ ತಿಳಿಯದು. ಕೆಟ್ಟ ಕ್ಯಾಮೆರಾದ ಬೆಲೆಗೆ ಕೊಟ್ಟರೆ ತೊಗೊ, ಇಲ್ಲದಿದ್ದರೆ ದಡಕ್ಕೆ ಬರಲಿ ಬಿಡು.

• ನೆನಪಿಗೆ ಬೇರೆ ಬೆಲೆ, ಯಂತ್ರಕ್ಕೆ ಬೇರೆ ಬೆಲೆ. ಬರೋಡಾದಲ್ಲಿ ತಯಾರಾದ ಅಗ್ಫಾ ಕ್ಲಿಕ್ III ಎಷ್ಟೋ ಮನೆಗಳಲ್ಲಿತ್ತು. 120 ರೀಲಿನಲ್ಲಿ ಹನ್ನೆರಡು ಚಿತ್ರ, ಬಿಸಿಲು-ಮೋಡ ಎಂದು ಗುರುತು. ಮುದ್ದಾದ ಡಬ್ಬಿ, ಇವತ್ತಿಗೂ ಬಳಸಬಹುದು, ಆದರೆ ಅಪರೂಪದ್ದಲ್ಲ. ಹಾಟ್‌ಶಾಟ್, ಕೋಡಕ್ ಕೆಬಿ10 ಕೂಡ ಹಾಗೇ. ‘ಆ್ಯಂಟಿಕ್’ ಎಂದು ಹೇಳಿದ ಮಾತ್ರಕ್ಕೆ ಸೊನ್ನೆ ಸೇರಿಸಬೇಡ.

• ಕ್ಯಾಮೆರಾ ಒಮ್ಮೆಯ ಖರ್ಚು, ರೀಲು ಮನೆ ಬಾಡಿಗೆ ಇದ್ದ ಹಾಗೆ. ರೀಲು, ತೊಳೆಸುವುದು, ಸ್ಕ್ಯಾನು ಮೂರನ್ನೂ ಕೂಡಿಸಿ 35 ಎಂಎಂ ಆದರೆ 36ರಿಂದ, ಯಾಶಿಕಾ ಮ್ಯಾಟ್‌ನಂಥ ಚೌಕದ ಚಿತ್ರದ್ದಾದರೆ 12ರಿಂದ ಭಾಗಿಸಿ ನೋಡು. ಒಂದು ಒತ್ತಿಗೆ ಎಷ್ಟು ಎಂದು ತಿಳಿದ ಮೇಲೂ ಆಸೆ ಉಳಿದಿದ್ದರೆ ಆಗ ಮುಂದುವರಿ.

• ಒಂದು ರೀಲು ತೊಳೆಸಿ ನೋಡುವಷ್ಟು ದಿನ ವಾಪಸಿನ ಮಾತು ಕೇಳು, ಫೋನಿನಲ್ಲಿ ಬರೆಸಿಕೋ. ಆ ಮಾತಿಗೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೊರಿಯರಿನಲ್ಲಿ ತರಿಸುವುದಾದರೆ ಫೋಟೊ ಸಾಲದು. ಒಂದು ಸೆಕೆಂಡಿನ ಶಟರ್ ಸದ್ದು, ಹಿಂದಿನಿಂದ ಕಾಣುವ ಲೆನ್ಸು, ಎರಡರ ವಿಡಿಯೊ ಬರಲಿ. “ಇನ್ನೊಬ್ಬರು ಅಡ್ವಾನ್ಸ್ ಹಾಕ್ತಿದ್ದಾರೆ” ಎಂದರೆ ಹಾಕಲಿ ಬಿಡು.

ಕೊಂಡ ಮೇಲೆ

• ಮೊದಲ ರೀಲನ್ನು ಮದುವೆಗೆ ಒಯ್ಯಬೇಡ. ನಮ್ಮ ಓಣಿಯನ್ನೇ ತೆಗೆ, ಪ್ರತಿ ಚಿತ್ರದ ವೇಗ, ಅಪರ್ಚರ್ ಬರೆದಿಡು. ಮೀಟರ್ ಕೆಟ್ಟಿದ್ದರೂ ಹೈದರಾಬಾದಿನ ಬಿಸಿಲೇ ಮೀಟರು: ನೆತ್ತಿ ಸುಡುವ ಹೊತ್ತಿನಲ್ಲಿ ಅಪರ್ಚರ್ 16, 200ರ ಫಿಲ್ಮಿಗೆ ವೇಗ 1/250.

• ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ತಳ್ಳಬೇಡ. ಚರ್ಮ ತೇವ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ಮೇ ತಿಂಗಳಲ್ಲಿ ಕಾರಿನೊಳಗೆ ಬಿಟ್ಟರೆ ಎಣ್ಣೆ ಕರಗಿ ಅಪರ್ಚರ್ ಎಸಳಿಗೆ ಇಳಿಯುತ್ತದೆ. ತಿಂಗಳಿಗೊಮ್ಮೆಯಾದರೂ ಎಲ್ಲ ವೇಗದಲ್ಲೂ ಶಟರ್ ಹೊಡೆ.

• ಕೊನೆಯದು. ನ್ಯಾಯದ ಬೆಲೆ ಎಂದರೆ ನೀನು ಮೋಸ ಹೋಗದಿರುವುದು ಅಷ್ಟೇ ಅಲ್ಲ. ಬಹಳ ವರ್ಷಗಳ ಹಿಂದೆ ಪಕ್ಕದೂರಲ್ಲಿ ಒಂದು ಸ್ಟುಡಿಯೊ ಮುಚ್ಚಿತು, ಯಜಮಾನರು ತೀರಿಹೋಗಿದ್ದರು. ಅವರ ಹೆಂಡತಿ ಯಾಶಿಕಾ ಮ್ಯಾಟ್ ತಂದು ಮೇಜಿನ ಮೇಲಿಟ್ಟು, “ಅಣ್ಣಾ, ನೀವೇ ಹೇಳ್ರಿ, ಇದಕ್ಕೆಷ್ಟು ಬರ್ತದ?” ಎಂದರು. ಈಗ ಬರೆದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಒಂದು ದೋಷ ಸಿಗಲಿಲ್ಲ. ಆದರೂ ಲೆನ್ಸಿನಲ್ಲಿ ಬೂಷ್ಟು ಇದೆ ಎಂದು ಹೇಳಿ ಅರ್ಧ ಬೆಲೆ ಕೊಟ್ಟೆ. ಅವರು ಎಣಿಸದೆ ಸೆರಗಿಗೆ ಕಟ್ಟಿಕೊಂಡು ಹೋದರು. ಆ ಕ್ಯಾಮೆರಾ ಈಗಲೂ ನನ್ನ ಹತ್ತಿರ ಇದೆ, ಚೆನ್ನಾಗಿ ನಡೆಯುತ್ತದೆ. ಹೋದ ವಾರ ಮೂರನೇ ಮಹಡಿಯ ಹುಡುಗ ಒಳ್ಳೇ ಬೆಲೆಗೆ ಕೇಳಿದ. ಕೊಡಲಿಲ್ಲ. ಅದರಲ್ಲಿ ಅರ್ಧ ಇನ್ನೂ ನಾನು ಕೊಂಡಿಲ್ಲ.