ಸಮುದ್ರತೀರದ ರಜೆ: ವಿಶ್ರಾಂತಿ ಯಾರಿಗೆ?



ಬೇಸಿಗೆ ರಜೆ ಬಂದಾಗ, ಇಲ್ಲವೇ ಆಗಸ್ಟ್ 29ರಂದು ವೇಳಾಂಗಣಿಯಲ್ಲಿ ಧ್ವಜ ಏರುವ ದಿನ ಹತ್ತಿರವಾದಾಗ, ಕೆಂಗೇರಿ ಉಪನಗರದ ನಮ್ಮ ಮನೆಗಳಲ್ಲಿ ಅಟ್ಟದ ಮೇಲಿನ ಬ್ಯಾಗುಗಳು ಕೆಳಗಿಳಿಯುತ್ತವೆ. ಹೊರಡುವ ಮುನ್ನ ಆಶೀರ್ವಾದ ಕೇಳಲು ಬರುವವರಲ್ಲಿ ಕೆಲವರು ತಗ್ಗಿದ ದನಿಯಲ್ಲಿ ಕೇಳುವುದುಂಟು: "ಫಾದರ್, ಪೂಜೆ ಮುಗಿಸಿ ಮಕ್ಕಳನ್ನು ಸಮುದ್ರಕ್ಕೆ ಕರೆದುಕೊಂಡು ಹೋದರೆ ತಪ್ಪೇ?" ಯಾತ್ರೆಗೆಂದು ಹೋಗಿ ಆಟವಾಡಿದರೆ ಹರಕೆಗೆ ಕುಂದು ಬಂದೀತು ಎಂಬ ಅಳುಕು ಅವರದು.

ಈ ಅಳುಕಿಗೆ ಕಾರಣವಿಲ್ಲ. 'ಹಾಲಿಡೇ' ಎಂಬ ಇಂಗ್ಲಿಷ್ ಪದ ಹುಟ್ಟಿದ್ದೇ 'ಪವಿತ್ರ ದಿನ' ಎಂಬ ಮಾತಿನಿಂದ. ಇಂಗ್ಲೆಂಡಿನ ಲ್ಯಾಂಕಶೈರಿನ ಹತ್ತಿಗಿರಣಿ ಊರುಗಳಲ್ಲಿ 'ವೇಕ್ಸ್' ಎಂಬ ವಾರವೊಂದಿತ್ತು. ಮೂಲದಲ್ಲಿ ಅದು ಊರಿನ ದೇವಾಲಯದ ಪಾಲಕ ಸಂತರ ಹಬ್ಬದ ಹಿಂದಿನ ರಾತ್ರಿಯ ಜಾಗರಣೆ. ನಮ್ಮ ಜಾತ್ರೆ ಇದ್ದಂತೆ. ಗಿರಣಿಗಳು ಬಂದ ಮೇಲೆ ಅದೇ ವಾರ ಯಂತ್ರಗಳು ನಿಲ್ಲುವ ವಾರವಾಯಿತು. ಒಂದೊಂದು ಊರಿಗೆ ಒಂದೊಂದು ವಾರ. ಬೀದಿಗೆ ಬೀದಿಯೇ ರೈಲು ಹತ್ತಿ ಬ್ಲ್ಯಾಕ್‌ಪೂಲಿನ ಕಡಲ ದಂಡೆಗೆ ಹೋಗುತ್ತಿತ್ತು. ಆ ವಾರ ಸಂಬಳವಿಲ್ಲ. ಆದ್ದರಿಂದ ವರ್ಷವಿಡೀ ವಾರವಾರ ಚಿಲ್ಲರೆ ಕೂಡಿಸಲು ಅವರಲ್ಲಿ ನಮ್ಮ ಚೀಟಿಯಂಥ ಕೂಟಗಳಿದ್ದವು.

ಎರಡು ಮಹಾಯುದ್ಧಗಳ ನಡುವೆ ಈ ಕುಟುಂಬಗಳು ಇಳಿದುಕೊಳ್ಳುತ್ತಿದ್ದುದು ಊಟ ವಸತಿಯ ಸಣ್ಣ ಮನೆಗಳಲ್ಲಿ. ಬಹುಪಾಲು ಮನೆಗಳನ್ನು ನಡೆಸುತ್ತಿದ್ದವರು ಹೆಂಗಸರು. ತಿಂಡಿಯಾದ ಮೇಲೆ ಮಳೆ ಬರಲಿ ಬಿಸಿಲಿರಲಿ, ಅತಿಥಿಗಳು ಹೊರಗೆ ಹೋಗಬೇಕು, ಮುಂದಿನ ಊಟದ ಹೊತ್ತಿಗೇ ಮರಳಬೇಕು ಎಂಬ ನಿಯಮ ಅನೇಕ ಕಡೆ ಇತ್ತು. ಕೆಲವೆಡೆ ಅತಿಥಿಯ ಮನೆಯಾಕೆ ತಾನೇ ಪೇಟೆಗೆ ಹೋಗಿ ಮಾಂಸ ತರಕಾರಿ ತಂದುಕೊಡಬೇಕು, ಮನೆಯೊಡತಿ ಬೇಯಿಸಿ ಕೊಡಬೇಕು. ಎಲ್ಲರ ರಜೆಗಾಗಿ ಇಬ್ಬರು ಹೆಂಗಸರು ದುಡಿಯುತ್ತಿದ್ದರು ಎಂದಾಯಿತು.

ಸಂಬಳದೊಡನೆ ರಜೆ ಬಂದದ್ದು ಬಹಳ ತಡವಾಗಿ. 1891ರಲ್ಲೇ ಜಗದ್ಗುರು ಹದಿಮೂರನೆಯ ಲಿಯೋ ಅವರು ತಮ್ಮ 'ರೇರುಂ ನೊವಾರುಂ' ಪರಿಪತ್ರದಲ್ಲಿ ದುಡಿಯುವವನ ಭಾನುವಾರದ ವಿಶ್ರಾಂತಿಯನ್ನು ಎತ್ತಿಹಿಡಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1936ರಲ್ಲಿ ವರ್ಷಕ್ಕೆ ಕನಿಷ್ಠ ಆರು ಕೆಲಸದ ದಿನಗಳ ಸಂಬಳದ ರಜೆ ಇರಬೇಕೆಂದು ಒಪ್ಪಂದ ಮಾಡಿತು. ಬ್ರಿಟನ್ 1938ರಲ್ಲಿ ಕಾಯಿದೆ ತಂದಿತು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆ, ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೊಂದು ದಿನದ ರಜೆಯನ್ನು ಗೊತ್ತುಮಾಡಿತು. ಆದರೆ ಮನೆಯ ಅಡುಗೆಮನೆಗೆ ಯಾವ ಕಾಯಿದೆಯೂ ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ವೇಳಾಂಗಣಿಯಿಂದ ಮರಳಿದ ತಾಯಿಯೊಬ್ಬರನ್ನು, "ಸಮುದ್ರ ನೋಡಿದಿರಾ ಅಮ್ಮ?" ಎಂದು ಕೇಳಿದೆ. "ಎಲ್ಲಿ ಫಾದರ್! ಬಾಡಿಗೆ ವ್ಯಾನಿನಲ್ಲಿ ಗ್ಯಾಸ್ ಒಲೆ, ಅಕ್ಕಿ, ಪಾತ್ರೆ ಎಲ್ಲಾ ಹೇರಿಕೊಂಡು ಹೋಗಿದ್ವಿ. ಹನ್ನೊಂದು ಜನಕ್ಕೆ ಮೂರು ಹೊತ್ತು ಬೇಯಿಸಿದ್ದೇ ಆಯ್ತು," ಎಂದರು. ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವನ್ನು ತೆರೆದು ನೋಡಿ. ಸಬ್ಬತ್ತಿನ ಆಜ್ಞೆ ಯಜಮಾನನಿಗಷ್ಟೇ ಕೊಟ್ಟದ್ದಲ್ಲ. ಮನೆಯ ಆಳೂ ದಾಸಿಯೂ ಅವನಂತೆಯೇ ದಣಿವಾರಿಸಿಕೊಳ್ಳಬೇಕು, ಎತ್ತು ಕತ್ತೆಗಳಿಗೂ ಬಿಡುವಿರಬೇಕು ಎಂದು ಅಲ್ಲಿದೆ. ಎತ್ತಿಗೆ ಸಿಕ್ಕ ಬಿಡುವು ನಮ್ಮ ತಾಯಂದಿರಿಗೆ ಸಿಗಬಾರದೇ?

ಇನ್ನೊಂದು ಮಾತನ್ನು ಹೇಳಲೇಬೇಕು. 2004ರ ಡಿಸೆಂಬರ್ 26 ಭಾನುವಾರ. ಪವಿತ್ರ ಕುಟುಂಬದ ಹಬ್ಬ. ಅಂದು ಬೆಳಿಗ್ಗೆ ಸುನಾಮಿ ಅಲೆಗಳು ವೇಳಾಂಗಣಿಯ ದಂಡೆಯಲ್ಲಿದ್ದ ನೂರಾರು ಜನರನ್ನು ಸೆಳೆದೊಯ್ದವು. ಬಸಿಲಿಕದ ಒಳಗಿದ್ದವರು ಉಳಿದರು. "ಪೂಜೆ ಬಿಟ್ಟು ನೀರಾಟಕ್ಕೆ ಹೋದವರಿಗೆ ಶಿಕ್ಷೆಯಾಯಿತು" ಎಂದು ಹೇಳುವವರನ್ನು ನಾನು ಇಂದಿಗೂ ಕೇಳುತ್ತೇನೆ. ದಯವಿಟ್ಟು ಹಾಗೆ ಹೇಳಬೇಡಿ. ಸಿಲೋವದ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬ ಮಾತನ್ನು ಪ್ರಭು ಯೇಸು ನೇರವಾಗಿ ತಳ್ಳಿಹಾಕಿದರು (ಲೂಕ 13). ಮಗುವಿನ ಕೈ ಹಿಡಿದು ಅಲೆಯ ಮುಂದೆ ನಿಂತ ತಂದೆ ಯಾವ ಅಪರಾಧವನ್ನೂ ಮಾಡಿರಲಿಲ್ಲ. ಬದುಕುಳಿದ ಅವರ ಬಂಧುಗಳು ನಮ್ಮ ನಡುವೆ ಪೂಜೆಗೆ ಬಂದು ಕೂರುತ್ತಾರೆ. ಆ ಮಾತು ಅವರ ಕಿವಿಗೂ ಬೀಳುತ್ತದೆ.

ಶಿಷ್ಯರು ಉಣ್ಣಲೂ ಬಿಡುವಿಲ್ಲದೆ ದಣಿದಾಗ, ಏಕಾಂತಕ್ಕೆ ಬಂದು ವಿಶ್ರಮಿಸಿಕೊಳ್ಳಲು ಕರೆದವರು ಸ್ವಾಮಿಯೇ (ಮಾರ್ಕ 6). ಅವರು ಹೊರಟದ್ದೂ ದೋಣಿಯಲ್ಲಿ, ನೀರಿನ ಮೇಲೆ. ಪುನರುತ್ಥಾನದ ನಂತರವಂತೂ ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿಯೊಡನೆ ಬಡಿಸಿದವರು ಅವರೇ (ಯೊವಾನ್ನ 21). ರಾತ್ರಿಯಿಡೀ ಬಲೆ ಎಳೆದು ಬಂದವರನ್ನು ಅವರು ಅಡುಗೆಗೆ ಹಚ್ಚಲಿಲ್ಲ. ಅಡುಗೆ ಗಂಡಸರ ಕೆಲಸವಲ್ಲ ಎನ್ನುವ ನಮ್ಮ ಯಜಮಾನರು ಈ ಅಧ್ಯಾಯವನ್ನು ನಿಧಾನವಾಗಿ ಓದಲಿ.

ಇದನ್ನೇ ಒಂದು ಭಾನುವಾರ ಪ್ರಬೋಧನೆಯಲ್ಲಿ ಹೇಳಿದ್ದೆ. ಮುಂದಿನ ಯಾತ್ರೆ ಮುಗಿಸಿ ಬಂದ ಅದೇ ತಾಯಿ ಎಣ್ಣೆಯ ಪುಟ್ಟ ಸೀಸೆಯೊಂದನ್ನು ನನ್ನ ಕೈಗಿಟ್ಟು ಹೇಳಿದರು: "ಬೆಳಗಿನ ತಿಂಡಿ ಇವರೇ ಮಾಡಿದರು, ಫಾದರ್. ಉಪ್ಪಿಟ್ಟು ಗಂಟು ಗಂಟಾಗಿತ್ತು. ನಾನು ಒಂಬತ್ತು ಗಂಟೆಯವರೆಗೂ ಮರಳಿನ ಮೇಲೆ ಕೂತಿದ್ದೆ."